ಸಂಡಿಗೆ ಕಾವಲಿನಲ್ಲಿ ನಾನು ನಡೆಸಿದ ಯುದ್ಧ

ಬಂದೂಕು ಹಿಡಿದು ರಾಕ್ಷಸರನ್ನು ಕೊಲ್ಲುವುದರಲ್ಲಿ ನನ್ನದು ಪಳಗಿದ ಕೈ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಬೇರೆ ಯಾರೂ ಹೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ವಿಮಾ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರೊಳಗೆ ಯಾರೋ ಒಂದು ಆಟ ಹಾಕಿದ್ದರು. ಪರದೆಯ ಕೆಳಭಾಗದಲ್ಲಿ ಒಂದು ಬಂದೂಕು, ಅದನ್ನು ಹಿಡಿದ ಕೈ, ಅಷ್ಟೇ ಕಾಣುತ್ತಿತ್ತು. ಆ ಕೈ ನಮ್ಮದೇ ಎಂದು ತಿಳಿದು, ಕತ್ತಲ ಓಣಿಗಳಲ್ಲಿ ನುಗ್ಗಿ, ಎದುರಾದ ರಾಕ್ಷಸರನ್ನೆಲ್ಲ ಸುಡುತ್ತಾ ಹೋಗಬೇಕು. ಮೂರು ವರ್ಷ, ಊಟದ ಬಿಡುವಿನಲ್ಲಿ, ಲೋಕಕಲ್ಯಾಣಾರ್ಥವಾಗಿ ನಾನು ಆ ಕೆಲಸ ಮಾಡಿದೆ.

ಆದ್ದರಿಂದ ಕೆಲವು ವರ್ಷಗಳ ನಂತರ, ಸಹೋದ್ಯೋಗಿ ಬಸವರಾಜ ಅದೇ ಆಟವನ್ನು ಅಂಗೈಯಗಲದ ಯಂತ್ರವೊಂದರಲ್ಲಿ ತಂದು ತೋರಿಸಿದಾಗ ನನಗೆ ನಗು ಬಂತು. ಬಸವರಾಜ ಗದಗಿನ ಕಡೆಯವನು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ.

"ಮೂರನೇ ಲೆವೆಲ್ ದಾಟಾಕ ನನ್ ಕೈಲೆ ಆಗವಲ್ದು ಸರ," ಎಂದ.

"ಕೊಡಿಲ್ಲಿ. ಪೂರ್ತಿ ಮುಗಿಸಿ ಸೋಮವಾರ ತರ್ತೀನಿ," ಎಂದೆ, ಇಡೀ ಸೆಕ್ಷನ್ನಿಗೆ ಕೇಳಿಸುವಂತೆ.

"ಒಂದ್ ಮಾತ್ರೀ ಸರ. ಇದರ ಪರದೆಗೆ ಲೈಟ್ ಇಲ್ಲ. ಬಿಸಿಲಾಗ ಹಿಡಿದ್ರಷ್ಟ ಕಾಣತೈತಿ."

ಕತ್ರಿಗುಪ್ಪೆಯ ನಮ್ಮ ಬಾಡಿಗೆ ಮನೆಯ ಟ್ಯೂಬ್‌ಲೈಟಿನ ಕೆಳಗೆ ಯಂತ್ರ ಹಿಡಿದೆ. ನನ್ನ ಮೂಗು ಕಂಡಿತು. ರಾಕ್ಷಸರು ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಅದೃಷ್ಟ ತಾನಾಗಿಯೇ ಬಾಗಿಲಿಗೆ ಬಂತು. ಕೆಳಗಿನ ಮನೆಯಲ್ಲಿದ್ದ ಓನರ್ ಕಮಲಮ್ಮನವರ ಮಗಳಿಗೆ ಮುಂದಿನ ತಿಂಗಳು ಸೀಮಂತ. ಅದಕ್ಕಾಗಿ ಅವರು ನಸುಕಿನಲ್ಲೇ ಎದ್ದು, ತಾರಸಿಯ ಮೇಲೆ ಉದ್ದಕ್ಕೂ ಹಳೇ ಸೀರೆ ಹಾಸಿ, ಅಕ್ಕಿ ಸಂಡಿಗೆ ಒತ್ತಿದ್ದರು. ಮಂಡಿನೋವಿನಿಂದ ಮತ್ತೆ ಮೆಟ್ಟಿಲು ಹತ್ತಲಾರದೆ ನನ್ನ ಹೆಂಡತಿ ವಿಮಲಳ ಬಳಿ ಬಂದು, "ಕಾಯೋಕೆ ಯಾರಾದ್ರೂ ಇದ್ರೆ..." ಎಂದರು.

"ನಾನಿದ್ದೀನಲ್ಲ!" ಎಂದೆ.

ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ನಾನು ಒಂದು ಕೆಲಸವನ್ನು ಕೇಳಿ ಪಡೆದದ್ದು ಇದೇ ಮೊದಲು. ವಿಮಲಾ ನನ್ನ ಹಣೆ ಮುಟ್ಟಿ ನೋಡಿದಳು.

"ರೀ, ಕಾಗೆ ಓಡಿಸೋದು ಅಷ್ಟೇ. ಆಗುತ್ತಾ?"

"ಆಗುತ್ತೆ," ಎಂದು ಗಂಭೀರವಾಗಿ ಮೆಟ್ಟಿಲು ಹತ್ತಿದೆ.

ತಾರಸಿಯಲ್ಲಿ ದಿವ್ಯವಾದ ಬಿಸಿಲಿತ್ತು. ಯಂತ್ರದ ಕತ್ತಲ ಓಣಿಗಳು ಕಣ್ಣಿಗೆ ಹೊಡೆದಂತೆ ಕಂಡವು. ಮೊದಲೆರಡು ಲೆವೆಲ್‌ಗಳನ್ನು ನಿಂತ ನಿಲುವಿನಲ್ಲೇ ಮುಗಿಸಿದೆ. ಮೂರನೆಯದರಲ್ಲಿ ರಾಕ್ಷಸರು ಬೆಂಕಿಯುಂಡೆ ಎಸೆಯತೊಡಗಿದರು. ಪಕ್ಕಕ್ಕೆ ಸರಿಯಲು ಯಾವ ಗುಂಡಿ ಒತ್ತಬೇಕೆಂದು ಬಸವರಾಜ ಹೇಳಿದ್ದ, ಮರೆತಿದ್ದೆ. ಹಾಗಾಗಿ ಸ್ವತಃ ನಾನೇ ಪಕ್ಕಕ್ಕೆ ಸರಿಯುತ್ತಿದ್ದೆ. ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಎರಡು, ಅಪಾಯ ಹೆಚ್ಚಾದಾಗ ಹಿಂದಕ್ಕೆ ನಾಲ್ಕು.

ಬರಿಗಾಲಿಗೆ ಏನೋ ಮೆತ್ತಗೆ, ತಣ್ಣಗೆ ತಗುಲಿತು. ಕಾದ ತಾರಸಿಯ ಮೇಲೆ ಅದು ಬಹಳ ಹಿತವಾಗಿತ್ತು. ಅಲ್ಲೇ ನಿಂತೆ.

ಆಗಲೇ ಮುಚ್ಚಿದ ಬಾಗಿಲೊಂದರ ಹಿಂದಿನಿಂದ ದೊಡ್ಡ ರಾಕ್ಷಸನ ಗುರುಗುಡುವ ಸದ್ದು ಕೇಳಿತು. ನನ್ನೊಳಗಿನ ವೀರ ತಡೆಯಲಾರದೆ ಕೂಗಿದ:

"ಬಾರೋ! ಧೈರ್ಯ ಇದ್ರೆ ಈಚೆ ಬಾರೋ!"

ಎದುರು ಮನೆಯ ತಾರಸಿಯಲ್ಲಿ ಕೃಷ್ಣಪ್ಪನವರು ದಾಸವಾಳಕ್ಕೆ ನೀರು ಹಾಕುತ್ತಿದ್ದರು. ನಿವೃತ್ತ ಮೇಷ್ಟ್ರು, ಯಾರ ತಂಟೆಗೂ ಹೋಗದವರು. ಅವರು ಹಿಂದೆ ಮುಂದೆ ನೋಡಿದರಂತೆ. ಬೇರೆ ಯಾರೂ ಇರಲಿಲ್ಲವಂತೆ.

"ನನಗಾ ಸಾರ್?" ಎಂದು ಕೇಳಿದರಂತೆ.

ಆ ಪ್ರಶ್ನೆ ನನಗೆ ಕೇಳಿಸಲಿಲ್ಲ. ಆದರೂ ಉತ್ತರ ಕೊಟ್ಟೆ.

"ಮುದಿ ರಾಕ್ಷಸ, ನಿನಗೇ! ಬಂದ್ರೆ ಸುಟ್ಟು ಬೂದಿ ಮಾಡ್ತೀನಿ!"

ಕೃಷ್ಣಪ್ಪನವರು ಬಂದೇಬಿಟ್ಟರು. ತಮ್ಮ ಮೆಟ್ಟಿಲಿಳಿದು, ರಸ್ತೆ ದಾಟಿ, ವಿಮಲಳಿಗೆ ದೂರು ಹೇಳಿ, ನಮ್ಮ ಮೆಟ್ಟಿಲು ಹತ್ತಿದರು. ಹಿಂದೆ ವಿಮಲಾ. ಅವಳ ಹಿಂದೆ ಮಂಡಿ ಹಿಡಿದುಕೊಂಡು ಕಮಲಮ್ಮ. ಮೂವರೂ ತಾರಸಿಗೆ ಬಂದಾಗ ನನ್ನ ಬಂದೂಕಿನಲ್ಲಿ ಎರಡೇ ಗುಂಡು ಉಳಿದಿದ್ದವು.

"ಒಂದ್ನಿಮಿಷ!" ಎಂದು ಅವರಿಗೆ ಕೈ ತೋರಿಸಿದೆ. ಆ ಒಂದು ಕೈ ಬಿಟ್ಟದ್ದೇ ತಪ್ಪಾಯಿತು. ರಾಕ್ಷಸ ನನ್ನನ್ನು ಮುಗಿಸಿದ.

ತಲೆಯೆತ್ತಿದೆ. ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಪಾದ ನೋಡುತ್ತಿದ್ದರು. ನಾನು ಸೀರೆಯ ನಟ್ಟನಡುವೆ ನಿಂತಿದ್ದೆ. ಅಲ್ಲಿಯವರೆಗೆ ನಡೆದು ಬಂದ ದಾರಿ ಸ್ಪಷ್ಟವಾಗಿ ಮೂಡಿತ್ತು.

"ಕಾಗೆ ಬಂತೇನ್ರೀ?" ಎಂದಳು ವಿಮಲಾ, ತುಂಬಾ ಮೆಲ್ಲಗೆ.

"ಒಂದೂ ಬರ್ಲಿಲ್ಲ," ಎಂದೆ. ನೀರಿನ ಟ್ಯಾಂಕಿನ ಮೇಲೆ ಏಳು ಕಾಗೆಗಳು ಕುಳಿತಿದ್ದವು. ಎರಡರ ಬಾಯಲ್ಲಿ ಇನ್ನೂ ಸಂಡಿಗೆ ಇತ್ತು.

ಮೊದಲು ಮೇಷ್ಟ್ರನ್ನು ಸಮಾಧಾನ ಮಾಡೋಣವೆಂದು, "ಸಾರ್, ನಾನು ಬೈದಿದ್ದು ನಿಮಗಲ್ಲ. ಇದರೊಳಗಿರೋ ರಾಕ್ಷಸನಿಗೆ. ನೀವೇ ನೋಡಿ," ಎಂದು ಯಂತ್ರವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತಮ್ಮ ನೆರಳಿನಲ್ಲಿ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

"ಇದರಲ್ಲಿ ನನ್ನ ಮುಖಾನೇ ಕಾಣ್ತಿದೆಯಲ್ರೀ!"

ಆಮೇಲೆ ನಾನು ಹೇಳಿದ ಯಾವ ವಿವರಣೆಯೂ ಅವರ ಕಿವಿಗೆ ಹೋಗಲಿಲ್ಲ. ಯಂತ್ರವನ್ನು ನನ್ನ ಕೈಗಿಟ್ಟು ಹೊರಟುಹೋದರು.

ಕಮಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆಯ ಅಂಚಿನಲ್ಲಿ ಕಷ್ಟಪಟ್ಟು ಕುಳಿತು, ಉಳಿದ ಸಂಡಿಗೆಗಳನ್ನು ಒಂದೊಂದಾಗಿ ಸರಿಸುತ್ತಾ, "ಚೊಚ್ಚಲ ಬಸುರಿ ನೋಡಿ, ಅವಳಿಗೆ ಇದೊಂದೇ ಬಾಯಿಗೆ ಸೇರೋದು," ಎಂದರು. ಮೂರು ವರ್ಷದಲ್ಲಿ ಯಾವ ರಾಕ್ಷಸನೂ ನನ್ನನ್ನು ಅಷ್ಟು ಗಾಯಗೊಳಿಸಿರಲಿಲ್ಲ.

"ಮುಂದಿನ ಭಾನುವಾರ ನಾನೇ ಒತ್ತಿ ಕೊಡ್ತೀನಿ ಕಮಲಮ್ಮ," ಎಂದೆ.

ಸೋಮವಾರ ಬಸವರಾಜ ಕಾಯುತ್ತಿದ್ದ. "ಮೂರನೇದು ಆತೇನ್ರೀ ಸರ?"

"ಕೆಲಸ ಬಂತಪ್ಪ," ಎಂದು ಯಂತ್ರ ಕೊಟ್ಟು, ಸೆಕ್ಷನ್ನಿನ ಕಡೆ ನೋಡದೆ ಫೈಲ್ ತೆರೆದೆ.

ಮಾತಿನಂತೆ ಭಾನುವಾರ ನಸುಕಿಗೆ ಎದ್ದೆ. ಕಮಲಮ್ಮ ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟರು. ನಾನು ತೋಳು ಬಿದ್ದುಹೋಗುವ ತನಕ ಸಂಡಿಗೆ ಒರಳು ಒತ್ತಿದೆ. ಮುಗಿದ ಮೇಲೆ ಬೆವರೊರೆಸಿಕೊಂಡು, "ಕಾಯೋಕೂ ನಾನೇ ಇರ್ತೀನಿ," ಎಂದೆ.

"ಬೇಡಿ," ಎಂದರು ಕಮಲಮ್ಮ, ವಿಮಲಾ ಇಬ್ಬರೂ ಒಟ್ಟಿಗೆ.

ವಿಮಲಾ ನನ್ನ ಹಳೆಯ ಕಪ್ಪು ಪ್ಯಾಂಟೊಂದನ್ನು ತಂದು ಕೋಲಿಗೆ ಕಟ್ಟಿ ತಾರಸಿಯಲ್ಲಿ ನಿಲ್ಲಿಸಿದಳು. ಸಂಜೆಯವರೆಗೆ ಒಂದು ಕಾಗೆಯೂ ಹತ್ತಿರ ಸುಳಿಯಲಿಲ್ಲ, ಒಂದು ಸಂಡಿಗೆಯೂ ಹಾಳಾಗಲಿಲ್ಲ. ಆ ಪ್ಯಾಂಟು ಆರು ವರ್ಷ ನನ್ನ ಬಳಿ ಇತ್ತು. ಅದರೊಳಗೆ ನಾನಿಲ್ಲದಿದ್ದರೆ ಅದು ಇಷ್ಟು ಜವಾಬ್ದಾರಿಯಿಂದ ಕೆಲಸ ಮಾಡುತ್ತದೆಂದು ಅಂದೇ ಗೊತ್ತಾದದ್ದು!