ಕಲ್ಲಿಗಾಗಿ ಕಾದ ಸಂಚಿಕೆ

ಉತ್ತರ ತೋಚದಿದ್ದಾಗ ನಮ್ಮ ಕಾಕಾ ಮೂಗಿನ ಮೇಲಿನ ಚಾಳೀಸು ತೆಗೆದು ಧೋತರದ ಚುಂಗಿನಿಂದ ಒರೆಸುತ್ತಾ ಕೂಡುತ್ತಾರೆ. ಕಲಬುರ್ಗಿ ಕೋಟೆಯ ಹತ್ತಿರದ ನಮ್ಮ ಪಡಸಾಲೆಯಿಂದ ಇತಿಹಾಸದ ತ್ರೈಮಾಸಿಕ ಹೊರಡಿಸುವವರು ಅವರೇ. ಆದ್ದರಿಂದ ಆ ಗಾಜುಗಳು ಸದಾ ಲಕಲಕ. ಹೈದರಾಬಾದಿನ ಹೆಣ್ಣುಮಕ್ಕಳ ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದ ನನಗೆ ಜನರೆದುರು ಬಾಯಿ ಏಳುವುದಿಲ್ಲ. ಕರಡು ತಿದ್ದುವ ಕೆಲಸ ಕೊಟ್ಟಿದ್ದಾರೆ. ಕಾಗದ ತಿರುಗಿ ನನ್ನ ಮುಖ ನೋಡುವುದಿಲ್ಲವಲ್ಲ!

ಈ ಸಲದ ಸಂಚಿಕೆ ಕಮಲಾಪುರದ ಒಂದು ಶಾಸನಕ್ಕಾಗಿ ಕಾದು ಕೂತಿದೆ. ಕಲ್ಲು ಯಾವ ಓಣಿ, ಯಾರ ಅಂಗಳ, ಯಾವ ಮೂಲೆ ಎಂದು ಬರೆಯದ ಶಾಸನವನ್ನು ಕಾಕಾ ಅಚ್ಚು ಹಾಕುವುದಿಲ್ಲ. ಹೀಗೆ ಕಾಯುವಾಗಲೇ ಇಂಥವೆಲ್ಲ ನಡೆಯುವುದು.

ಗುಟ್ಟು

ಆ ಶಾಸನದ ಲೇಖನ ಬರೆದವರು ನಿವೃತ್ತ ಮಾಸ್ತರರು. ಬರೆದವರ ಹೆಸರು ತಿಳಿಸದೆ ಇನ್ನೊಬ್ಬ ಬಲ್ಲವರ ಅಭಿಪ್ರಾಯ ಪಡೆಯುವುದು ಕಾಕಾನ ನಿಯಮ. ಹೆಸರನ್ನು ಕತ್ತರಿಸಿ ತೆಗೆದು ಶಾಸನ ಬಲ್ಲ ಒಬ್ಬ ವಕೀಲರಿಗೆ ಕಳಿಸಿದರು. ವಾರದ ಮೇಲೆ ವಕೀಲರು ಟಾಂಗಾದಿಂದ ಇಳಿದರು. ಹಿಂದೆಯೇ ಮಾಸ್ತರರೂ ಇಳಿದರು.

“ಲೇಖನ ಭಾರಿ ಅದರೀ. ಶಾಸನದ ಕಡೀ ಸಾಲು ಮಾತ್ರ ಬಿಟ್ಟಾರ, ಅದು ಬೇಕು. ಬರದವರು ಯಾರಂತ ನನಗ ಹೇಳಬ್ಯಾಡ್ರಿ. ನಿಯಮ ಅಂದ್ರ ನಿಯಮ,” ಎಂದರು ವಕೀಲರು.

“ಮತ್ತ ಮಾಸ್ತರು ಯಾಕ ಬಂದಾರ?” ಕಾಕಾ ಕೇಳಿದರು.

“ಕಚೇರಿಯಾಗ ದಿನಾ ಉರ್ದು ಓದಾವನಿಗೆ ಈ ಕನ್ನಡ ಕೈಬರಹ ಎಲ್ಲಿ ತಿಳೀತದರೀ? ಇವರನ್ನೇ ಕರಸಿ ಓದಿಸಿದೆ.”

ಶ್ರಾವಣ ಸೋಮವಾರ

ಉಳಿದ ಪುಟಗಳಾದರೂ ಮುಗಿಯಲಿ ಎಂದು ಕಾಕಾನ ಜೊತೆ ಪ್ರೆಸ್ಸಿಗೆ ಹೋದರೆ, ಅಚ್ಚಿನ ಮೊಳೆ ಜೋಡಿಸುವ ಅಣ್ಣ ಒಬ್ಬ ಸುಲ್ತಾನನ ಚರಿತ್ರೆಯ ನಡುವೆ ಕೈಕಟ್ಟಿ ಕೂತಿದ್ದ.

“ಮುಂದಿನ ಸಾಲಿನಾಗ ಸಾಯ್ತಾನ್ರೀ. ಶ್ರಾವಣ ಸೋಮವಾರ ನನ್ನ ಕೈಲೆ ಯಾರನ್ನೂ ಸಾಯಿಸೂದಿಲ್ಲ.”

“ಅಂವ ಸತ್ತು ಐನೂರು ವರ್ಷ ಆತೋ ತಮ್ಮಾ!”

“ಹಂಗಾರ ಇನ್ನೊಂದಿನ ಬದುಕ್ಲಿ ಬಿಡ್ರಿ.”

ಕಾಕಾ ಚಾಳೀಸು ಒರೆಸಿಕೊಂಡರು.

ಕಡೀ ಸಾಲು

ಕೊನೆಗೆ ಬಂಡಿ ಹೂಡಿಸಿ ಕಮಲಾಪುರಕ್ಕೆ ಹೋದೆವು. ಯಾವ ಓಣಿ ಎಂದು ನನ್ನನ್ನು ಕೇಳಬೇಡಿ. ಅಂಗಳದಲ್ಲಿ ನಮ್ಮ ಶಾಸನದ ಕಲ್ಲಿನ ಮೇಲೆ ವಯಸ್ಸಾದ ಆಯಿಯೊಬ್ಬಳು ಕೂತು ಬದನೆಕಾಯಿ ಹೆಚ್ಚುತ್ತಿದ್ದಳು. ಆಕೆಯನ್ನು ಎಬ್ಬಿಸಿ ಪಕ್ಕಕ್ಕೆ ಕೂಡಿಸಿ, ಬುಡದ ಮಣ್ಣು ಕೆದರಿ, ಒದ್ದೆ ಕಾಗದ ಹೊದಿಸಿ ಕಾಕಾ ಕುಂಚದಿಂದ ಪಟಪಟ ಬಡಿಯತೊಡಗಿದರು. ಹಾಗೆ ಬಡಿದರೇ ಅಕ್ಷರ ಕಾಗದಕ್ಕೆ ಇಳಿಯುವುದು.

“ಸಾವಕಾಶ ಬಡೀರಿ. ಅದೇನು ತಪ್ಪು ಮಾಡ್ಯದ?” ಎಂದಳು ಆಯಿ.

ಕಡೀ ಸಾಲು ಮೂಡಿತು. ಕಾಕಾ ಹಿಗ್ಗಿನಿಂದ ಓದಿ ಹೇಳಿದರು: “ಈ ಕಲ್ಲು ಗುಡಿಯಿಂದ ಕದಲಿಸಿದವ ಹುಳ ಆಗಿ ಹುಟ್ತಾನಂತ, ಆಯೀ.”

ಆಯಿಯ ಕೈ ನಿಂತಿತು. “ಗುಡಿಯಿಂದ ತಂದವ ನಮ್ಮ ಮಾವ ಅಲ್ಲೇನು!”

ಹೆಚ್ಚಿದ ಬದನೆಕಾಯಿಯೊಳಗೊಂದು ಹುಳ ಹೊರಳುತ್ತಿತ್ತು. ಆಯಿ ಗಡಬಡಿಸಿ ತಲೆ ಮೇಲೆ ಸೆರಗು ಎಳೆದುಕೊಂಡಳು.

“ತಪ್ಪಾತ್ರೀ ಮಾವಾ. ಇಷ್ಟು ವರ್ಷ ಗುರ್ತ ಹತ್ತಲಿಲ್ಲ.”

ಹೋಳಿನ ಸಮೇತ ಅದನ್ನು ಎಲೆಯ ಮೇಲಿಟ್ಟು ನೆರಳಿಗೆ ಸರಿಸಿದಳು. ನಾನು ಸೆರಗು ಕಚ್ಚಿ ನಗು ತಡೆದೆ. ಆಯಿ ನಗಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು ಕಾಕಾನನ್ನು ಕೇಳಿದಳು:

“ಓಣಿ, ಮನಿ ಗುರ್ತು ಛಾಪಸಬ್ಯಾಡ್ರಿ ಯಪ್ಪಾ. ಹೈದರಾಬಾದಿನ ದೊಡ್ಡ ಮಂದಿ ಓದಿ, ಬಂಡಿ ತಂದು ಕಲ್ಲು ಒಯ್ತಾರ. ಆರು ಕೂಸಿಗೆ ಇದರ ಮ್ಯಾಲೆ ನೀರು ಎರದೀನಿ. ಅಷ್ಟು ಬಿಟ್ಟು ಬರೀಲಾಕ ಬರೂದಿಲ್ಲೇನು?”

ಕಾಕಾ ಚಾಳೀಸು ತೆಗೆದರು.