ಹಿಡಿಕೆಯಿಲ್ಲದ ಬಾಗಿಲುಗಳು

ಬೆಳಗಿನ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಸದಾಶಿವ ತನ್ನ ಹೊಸ ಅಡುಗೆಮನೆಯ ನಡುವೆ ನಿಂತು ಒಂದು ಬಾಗಿಲನ್ನು ತೋರುಬೆರಳಿನ ತುದಿಯಿಂದ ಮೆಲ್ಲಗೆ ಒತ್ತುತ್ತಿದ್ದ. ಒತ್ತಿದರೆ ‘ಟಕ್’ ಎಂದು ತೆರೆಯುತ್ತಿತ್ತು. ಇನ್ನೊಮ್ಮೆ ಒತ್ತಿದರೆ ‘ಟಕ್’ ಎಂದು ಮುಚ್ಚುತ್ತಿತ್ತು. ಹಾಲಿನವನು ಹೊರಗೆ ನಿಂತು ಕೂಗುತ್ತಿದ್ದದ್ದು ಅವನ ಕಿವಿಗೆ ಬಿದ್ದಿರಲಿಲ್ಲ.

“ರೀ, ಹಾಲಿನಂವ ಗಂಟಲಾ ಹರಕೊಳ್ಳಾಕ ಹತ್ಯಾನ,” ಎಂದಳು ಹೆಂಡತಿ ಪೂನಮ್, ತಲೆ ಬಾಚಿಕೊಳ್ಳುತ್ತಲೇ ಬಂದು. “ಬಾಗಲಾ ಎಲ್ಲೂ ಓಡಿ ಹೋಗೂದಿಲ್ಲ. ಹಾಲಿನಂವ ಹೋಗತಾನ.”

“ಶಬ್ದಾ ಕೇಳ ಪೂನಮ್. ಎಲ್ಲಾ ಬಾಗಲದ್ದೂ ಒಂದ ನಮೂನಿ ಐತಿ.”

“ಕೇಳೇನಿ. ನಿನ್ನೆ ರಾತ್ರಿ ಮಲಗೂತನಾ ಅದನ್ನ ಕೇಳೇನಿ.”

ಸದಾಶಿವ ರಾಮದುರ್ಗದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಬಿ.ಎಸ್ಸಿ. ಓದುವಾಗ ಹತ್ತಿದ ಒಂದು ಚಟವನ್ನು ಅವನು ಇಂದಿಗೂ ಬಿಟ್ಟಿಲ್ಲ: ಯಾವುದನ್ನೇ ಆಗಲಿ ಮೂರು ಸಲ ಅಳೆದು ಸರಾಸರಿ ತೆಗೆಯುವುದು. (ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗಲೂ ಹಾಗೆಯೇ. ಮೂರನೆಯ ಸಲ ಅಳೆಯುವಷ್ಟರಲ್ಲಿ ಜ್ವರಕ್ಕೇ ಬೇಸರ ಬಂದು ಇಳಿದಿರುತ್ತದೆ ಎಂದು ಪೂನಮ್ ಹೇಳುತ್ತಾಳೆ. ಅವಳು ನರ್ಸ್, ಇಂಥ ವಿಷಯದಲ್ಲಿ ಅವಳ ಮಾತಿಗೆ ತೂಕವಿದೆ.)

ಬಾಗಿಲಿನ ಹಿಡಿಕೆಗಳ ಮೇಲೆ ಅವನಿಗೆ ವೈಯಕ್ತಿಕ ದ್ವೇಷವಿತ್ತು. ಸವದತ್ತಿಯಲ್ಲಿ ಷಡ್ಡಕ ಕಟ್ಟಿಸಿದ ಅಡುಗೆಮನೆಯನ್ನು ನೋಡಲು ಹೋದಾಗ ಉಕ್ಕಿನ ಹಿಡಿಕೆಯೊಂದು ಇವನ ಜುಬ್ಬಾದ ಜೇಬಿಗೆ ಸಿಕ್ಕಿಕೊಂಡಿತು. ಜುಬ್ಬಾ ಸದಾಶಿವನ ಜೊತೆ ರಾಮದುರ್ಗಕ್ಕೆ ಮರಳಿತು. ಜೇಬು ಸವದತ್ತಿಯಲ್ಲೇ ಉಳಿಯಿತು. ತನ್ನ ಮನೆಯ ಬಾಗಿಲುಗಳು ಹಿಡಿಕೆಯೆಂಬ ಪಿಡುಗಿನಿಂದ ಸಂಪೂರ್ಣ ಮುಕ್ತವಾಗಿರತಕ್ಕದ್ದು ಎಂದು ಅವನು ಅಂದೇ ಬಸ್ಸಿನಲ್ಲಿ ನಿಶ್ಚಯಿಸಿದ.

ಆದರೆ ಅಡುಗೆಮನೆಗೆ ಕೈಹಾಕಿದ್ದು ಜೇಬಿನ ಸಿಟ್ಟಿಗಲ್ಲ, ಅವ್ವನ ಮೊಣಕಾಲಿಗಾಗಿ.

ಅವ್ವ ಕೃಷ್ಣವ್ವ ಸುರೇಬಾನದ ಹೆಣ್ಣುಮಗಳು. ಲಂಗ ಉಡುವ ವಯಸ್ಸಿನಿಂದ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿದವಳು. ಅವಳು ಬಡಿಯುತ್ತಿದ್ದರೆ ಓಣಿಯ ಆ ತುದಿಯವರಿಗೂ ಊಟದ ಹೊತ್ತಾಯಿತೆಂದು ತಿಳಿಯುತ್ತಿತ್ತು. ಹೋದ ವರ್ಷ ಮೊಣಕಾಲು ಕೈಕೊಟ್ಟಿತು. ನೆಲದ ಮೇಲೆ ಕೂರಕೂಡದೆಂದು ಡಾಕ್ಟರು ಹೇಳಿದರು. ಪೂನಮ್‌ಗೆ ಆಸ್ಪತ್ರೆಯ ಪಾಳಿ. ರೊಟ್ಟಿ ಖಾನಾವಳಿಯಿಂದ ಬರತೊಡಗಿತು. ಮೊದಲ ದಿನವೇ ಕೃಷ್ಣವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೀರ್ಪು ಕೊಟ್ಟಳು:

“ಇದು ರೊಟ್ಟಿ ಅಲ್ಲೋ ಯಪ್ಪಾ, ನನ್ನ ಮೊಣಕಾಲಿನ ಎಕ್ಸರೇ. ಆ ಕಡೀದೆಲ್ಲಾ ಕಾಣತೈತಿ.”

ಅಂದಿನಿಂದ ಅವಳು ಅರ್ಧ ತಿಂದು ಉಳಿದರ್ಧ ಬುಟ್ಟಿಗೆ ಹಾಕುತ್ತಿದ್ದಳು. “ಹಸಿವಿಲ್ಲ” ಎನ್ನುತ್ತಿದ್ದಳು. ಸದಾಶಿವ ಬುಟ್ಟಿಯಲ್ಲಿನ ಅರ್ಧಗಳನ್ನು ದಿನಾ ನೋಡಿದ. ಅವ್ವನ ಸೀರೆಯ ನಿರಿಗೆ ಈಗ ಮೊದಲಿಗಿಂತ ಒಂದು ಮಡಿಕೆ ಹೆಚ್ಚು ಬರುತ್ತಿರುವುದನ್ನೂ ನೋಡಿದ. ಮನೆಯ ರೊಟ್ಟಿ ಇಲ್ಲದಿದ್ದರೆ ಅವ್ವ ಉಣ್ಣುವುದಿಲ್ಲ. ಅವ್ವ ನಿಂತು ಬಡಿಯುವಂಥ ಕಟ್ಟೆ ಇಲ್ಲದಿದ್ದರೆ ಮನೆಯಲ್ಲಿ ರೊಟ್ಟಿ ಇಲ್ಲ. ಸಮೀಕರಣ ಇಷ್ಟು ಸರಳವಾಗಿತ್ತು.

ಕಟ್ಟೆಯ ಎತ್ತರವನ್ನು ಅವ್ವನ ಮೊಣಕೈಯಿಂದಲೇ ಅಳೆದ. ಮೂರು ಸಲ.

“ಅವ್ವಾ, ಕೈ ಇನ್ನೊಮ್ಮೆ ಮಡಚು.”

“ಎಷ್ಟ ಸಲ ಮಡಚಲೋ? ಮೊಣಕಾಲು ಹೋತು, ಇನ್ನ ಮೊಣಕೈನೂ ತಗೀತೀಯೇನು?”

ಕೆಲಸಕ್ಕೆ ಸಿಕ್ಕವನು ತೊರಗಲ್ಲಿನ ಬಡಿಗ ಪರಸಪ್ಪ. ಒಳ್ಳೆಯ ಕೈ, ಅದಕ್ಕಿಂತ ಒಳ್ಳೆಯ ಬಾಯಿ. ಸದಾಶಿವ ಮೊಬೈಲಿನಲ್ಲಿ ಹಿಡಿಕೆಯಿಲ್ಲದ ಅಡುಗೆಮನೆಯ ವೀಡಿಯೋ ತೋರಿಸಿದಾಗ ಅವನು ಅರ್ಧಕ್ಕೇ ತಡೆದ.

“ಸರ, ಇದನ್ನ ನಾನೂ ನೋಡೇನಿ. ಒಳಗ ಸಣ್ಣ ಸ್ಪ್ರಿಂಗ್ ಇರತೈತಿ. ಬೆರಳು ತೋರ್ಸಿದ್ರ ಸಾಕು, ಬಾಗಲಾ ತಾವಽ ಎದ್ದು ನಮಸ್ಕಾರ ಮಾಡತಾವು. ರಾಮದುರ್ಗದಾಗ ಇಂಥಾದ್ದು ಮೊದಲು ನಿಮ್ಮ ಮನ್ಯಾಗ ಆಗಬೇಕು.”

ಇಬ್ಬರು ಉತ್ಸಾಹಿಗಳು ಒಂದೆಡೆ ಸೇರಿದರೆ ತಡೆಯುವವರು ಬೇಕು. ಪೂನಮ್‌ಗೆ ಆ ವಾರ ರಾತ್ರಿ ಪಾಳಿಯಿತ್ತು. ಹಳೆಯ ಗಿಡ್ಡ ಕಟ್ಟೆಯನ್ನು ಒಡೆದು ಹಾಕಿದರು. ಇಟ್ಟಿಗೆಯ ಗೋಡೆಯ ಬದಲು ಪ್ಲೈವುಡ್ಡಿನ ಪೆಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆಯೇ ಗ್ರಾನೈಟು ಹಾಸಿದರು. ತಾಳುತ್ತದೆಯೇ ಎಂಬುದನ್ನು ಸದಾಶಿವ ಸ್ವತಃ ಲೆಕ್ಕ ಹಾಕಿದ: ಕಲ್ಲಿನ ಭಾರ, ಒಲೆಯ ಭಾರ, ತುಂಬಿದ ಕೊಡದ ಭಾರ, ಹಬ್ಬದ ದಿನದ ಹೂರಣದ ಭಾರ. ಎಲ್ಲವೂ ಸುಮ್ಮನೆ ಕುಳಿತಿರುವ ಭಾರಗಳು. ಬೀಳುವ ಕೈಗೂ ಒಂದು ಬಲವಿದೆ ಎಂಬುದನ್ನು ಅವನು ಒಂಬತ್ತನೆಯ ತರಗತಿಗೆ ಪ್ರತಿವರ್ಷ ಕಲಿಸುತ್ತಾನೆ. ಮನೆಯಲ್ಲಿ ಅದು ನೆನಪಾಗಲಿಲ್ಲ.

ಬಾಗಿಲುಗಳ ಚೆಲುವಂತೂ ಹೇಳತೀರದು. ಎಲ್ಲವನ್ನೂ ಅಳತೆ ಕೊಟ್ಟು ಒಂದೇ ಹಾಳೆಯಿಂದ ಕೊಯ್ಸಿದ್ದರಿಂದ ಮರದ ಗೆರೆಗಳು ಈ ಬಾಗಿಲಿನಿಂದ ಆ ಬಾಗಿಲಿಗೆ ಎಲ್ಲೂ ತುಂಡಾಗದೆ ಮಲಪ್ರಭೆಯಂತೆ ಹರಿದುಹೋಗುತ್ತಿದ್ದವು. ನಡುವೆ ಒಂದು ಮೊಳೆಯಿಲ್ಲ, ತಿರುಪಿಲ್ಲ, ಹಿಡಿಕೆಯಿಲ್ಲ.

ಅಂಥ ಅಡುಗೆಮನೆಗೆ ಆ ಬೆಳಿಗ್ಗೆ ಕೃಷ್ಣವ್ವ ಕೋಲೂರುತ್ತ ಬಂದಳು. ಹೊಸ ಕಟ್ಟೆಯ ಮೇಲೆ ಅಂಗೈ ಇಟ್ಟಳು. ಮೊಣಕೈಗೆ ಸರಿಯಾಗಿ ಹೊಂದಿತ್ತು. ಅವಳು ಮಗನ ಮುಖವನ್ನೊಮ್ಮೆ ನೋಡಿ, “ಚಲೋ ಆಗೇತಿ,” ಎಂದಳು. ಕೃಷ್ಣವ್ವನ ಶಬ್ದಕೋಶದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಸದಾಶಿವ ಹಿಟ್ಟಿನ ಡಬ್ಬಿಯನ್ನು ಅವಳತ್ತ ಸರಿಸಿ ಕೆಮ್ಮಿದ.

ಅವಳು ಹಿಟ್ಟಿಗೆ ಎಸರು ಹಾಕಿ ನಾದಿದಳು. ಉಂಡೆ ಮಾಡಿದಳು. ಹಲಗೆಯ ಮೇಲೆ ಒಣಹಿಟ್ಟು ಉದುರಿಸಿದಳು. ಒಂದು ವರ್ಷದಿಂದ ಕಾದಿದ್ದ ಕೈಯನ್ನು ಎತ್ತಿದಳು.

‘ಟಪ್!’

‘ಟಕ್’ ಎಂದಿತು ಎಡಗಡೆಯ ಬಾಗಿಲು. ತೆರೆದು ನಿಂತಿತು.

“ಒಳಗ ಯಾರದಾರೋ?” ಎಂದಳು ಕೃಷ್ಣವ್ವ, ಬಾಗಿ ನೋಡಿ.

“ಯಾರೂ ಇಲ್ಲವ್ವಾ. ಹೊಸಾದು ನೋಡು, ಸ್ವಲ್ಪ ಹಗುರ ಐತಿ. ನೀ ಬಡಿ.”

‘ಟಪ್! ಟಪ್! ಟಪ್!’

‘ಟಕ್, ಟಕ್, ಟಕ್’ ಎಂದು ಉಳಿದವೂ ಒಂದಾದ ಮೇಲೊಂದು ಬಾಯಿ ತೆರೆದವು. ಬೇಳೆಯ ಡಬ್ಬಿಗಳು, ಎಣ್ಣೆಯ ಕ್ಯಾನು, ಪೂನಮ್ ಯಾರಿಗೂ ಕಾಣದಂತೆ ಬಚ್ಚಿಟ್ಟಿದ್ದ ಕರದಂಟಿನ ಪೊಟ್ಟಣ, ಎಲ್ಲವೂ ಬೆಳಕಿಗೆ ಬಂದವು. ನಡುವಿನ ಬಾಗಿಲು ಮಾತ್ರ ಪೂರ್ತಿ ತೆರೆಯಲಿಲ್ಲ. ಅದರ ದಾರಿಯಲ್ಲಿ ಕೃಷ್ಣವ್ವನ ಮೊಣಕಾಲಿತ್ತು.

“ಅಯ್ಯಯ್ಯೋ ಯವ್ವಾ!”

ಮುಂದಿನ ಕಾಲು ಗಂಟೆ ಮನೆಮಂದಿಯೆಲ್ಲ ಸೇರಿ ಬಾಗಿಲುಗಳನ್ನು ಮುಚ್ಚಿಡಲು ನಡೆಸಿದ ಹೋರಾಟವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಕೈಯಿಂದ ಒತ್ತಿ ಹಿಡಿದರು, ಒತ್ತಿದರೆ ತೆರೆಯುವುದೇ ಆ ಬಾಗಿಲುಗಳ ಧರ್ಮ, ತೆರೆದವು. ಸ್ಟೂಲು ಅಡ್ಡ ಇಟ್ಟರು. ಸ್ಟೂಲು ತಾಗಿದ್ದೇ ಒತ್ತಿದಂತಾಗಿ, ತೆರೆದವು. ಪೂನಮ್ ಹಳೆಯ ಸೀರೆಯ ಅಂಚು ಹರಿದು ತಂದು, “ಕಟ್ಟಿ ಬಿಡೂಣ್ರಿ,” ಎಂದಳು.

“ಕಟ್ಟು.”

“ಎಲ್ಲಿಗೆ ಕಟ್ಟಲಿ?”

ಸದಾಶಿವ ಬಾಗಿಲುಗಳ ಉದ್ದಕ್ಕೂ ಕಣ್ಣಾಡಿಸಿದ. ಕಟ್ಟಲು ಏನೂ ಇರಲಿಲ್ಲ.

“ಹಿಡಿಕಿ ಇದ್ದಿದ್ರ...” ಎಂದಳು ಪೂನಮ್, ಬಹಳ ಮೆಲ್ಲಗೆ.

“ಆ ಶಬ್ದಾ ಎತ್ತಬ್ಯಾಡ.”

ಅಷ್ಟರಲ್ಲಿ ಉಳಿದ ಪ್ಲೈವುಡ್ ತುಂಡುಗಳನ್ನು ಒಯ್ಯಲೆಂದು ಪರಸಪ್ಪನೇ ಬಂದ. ಕೃಷ್ಣವ್ವ ಒಮ್ಮೆ ಹಲಗೆಗೆ ಬಡಿದು ತೋರಿಸಿದಳು. ಬಾಗಿಲುಗಳು ಎದ್ದು ನಮಸ್ಕಾರ ಮಾಡಿದವು. ಪರಸಪ್ಪ ತಲೆ ಕೆರೆದುಕೊಂಡ.

“ಸರ, ವೀಡಿಯೋದಾಗ ಯಾರೂ ರೊಟ್ಟಿ ಬಡ್ಯಾಕ ಹತ್ತಿರಲಿಲ್ಲ. ಒಬ್ಬಾಕಿ ಬಾಳೆಹಣ್ಣ ಹೆಚ್ಚಾಕ ಹತ್ತಿದ್ದಳು.”

“ಅದಕ್ಕ?”

“ಅದಕ್ಕ ಯವ್ವಾರು ಚಪಾತಿ ಲಟ್ಟಸ್ಲಿ. ಸಪ್ಪಳಿಲ್ಲ, ತಂಟಿಲ್ಲ.”

“ನಿನ್ನ ಚಪಾತಿ ನೀನ ತಿನ್ನೋ ಪರಸಪ್ಪಾ,” ಎಂದಳು ಕೃಷ್ಣವ್ವ. “ಬಡಿಗ ಮಾಡಿದ್ದಕ್ಕ ಬಡದ್ರ ತಡಕೊಳ್ಳಾಕ ಆಗೂದಿಲ್ಲಂದ್ರ ನಿನಗ ಬಡಿಗ ಅಂತ ಹೆಸರು ಯಾರಿಟ್ರು?”

ಪರಸಪ್ಪ ಬೇಸರ ಪಟ್ಟುಕೊಳ್ಳಲಿಲ್ಲ. “ಹಂಗಂದ್ರ ಹಿಡಿಕಿ ಹಾಕೂಣು, ಜೋಡಿಗೊಂದು ಚಿಲಕಾ. ಒಂದೊಂದ ಬಾಗಲಕ್ಕ ನಾಕ್ನಾಕು ತೂತು, ಅಷ್ಟ.”

“ತೂತು?” ಎಂದ ಸದಾಶಿವ. ಮಲಪ್ರಭೆಗೆ ಯಾರೋ ಬೆಂಕಿ ಹಚ್ಚುತ್ತೇವೆ ಎಂದಂತೆ ಕೇಳಿಸಿತು. “ಈ ಗೆರಿ ಮ್ಯಾಲೆ? ತಡೀರಿ. ಇದು ಬಲದ ಪ್ರಶ್ನೆ. ಬಾಗಲಾ ತೆರೀಬೇಕಂದ್ರ ಇಷ್ಟ ಬಲಾ ಬೇಕು ಅಂತ ಒಂದು ಮಿತಿ ಇರತೈತಿ. ಅದಕ್ಕಿಂತ ಕಡಿಮಿ ಬಡದ್ರ ತೆರೀಬಾರ್ದು. ಪ್ರಯೋಗ ಮಾಡಿ ತೋರಸ್ತೇನಿ.”

ಅವನು ಅಂಗಿಯ ತೋಳು ಮಡಚಿ, ಕೈ ತೊಳೆದು, ಅವ್ವನ ಉಂಡೆಯನ್ನು ಹಲಗೆಯ ಮೇಲಿಟ್ಟುಕೊಂಡ. ತಟ್ಟಿದ. ಬಾಗಿಲು ಅಲುಗಲಿಲ್ಲ. ಇನ್ನೊಂದಿಷ್ಟು ತಟ್ಟಿದ. ಅಲುಗಲಿಲ್ಲ. ಮೂರನೆಯ ಸಲವೂ ಅದೇ ಫಲಿತಾಂಶ.

“ಅದು ಬಡಿಯೂದಲ್ಲೋ, ಕೂಸಿಗೆ ತಟ್ಟಿ ಮಲಗಸೂದು,” ಎಂದಳು ಕೃಷ್ಣವ್ವ.

“ಬಾಗಲಾ ತೆರೀತೇನು? ಇಲ್ಲ! ಸಿದ್ಧ ಆತು!” ಎಂದು ಸದಾಶಿವ ಪರಸಪ್ಪನತ್ತ ತಿರುಗಿ, ಬಲ, ಕಂಪನ, ಸ್ಪ್ರಿಂಗಿನ ಬಿಗಿ ಎಂದು ವಿವರಿಸತೊಡಗಿದ. ಪರಸಪ್ಪ ಹೂಂಗುಟ್ಟಿದ. ಮಾತು ಮುಗಿಸಿ ತಿರುಗಿದಾಗ ಅವ್ವ ಕಟ್ಟೆಯ ಬಳಿ ಇರಲಿಲ್ಲ.

ಅವಳು ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ನೆಲದ ಮೇಲೆ ಕುಳಿತಿದ್ದಳು. ಇನ್ನೊಂದು ಹಲಗೆ ಮುಂದಿತ್ತು.

“ಅತ್ತೀ, ಏನ ಮಾಡೀರಿ ಇದು!” ಎಂದು ಪೂನಮ್ ಓಡಿದಳು.

“ನಿಮ್ಮ ಬಾಗಲಾ ಚಂದ ಇರಲಿ ಯವ್ವಾ. ನಾ ಇಲ್ಲೇ ನಾಕು ಬಡದು ಏಳತೇನಿ,” ಎಂದಳು ಕೃಷ್ಣವ್ವ. ಒಂದೇ ಒಂದು ಬಡಿದಳು. ಆಮೇಲೆ ತವೆಗೆ ಹಾಕಲು ಏಳಹೋದಳು. ಏಳಲು ಆಗಲಿಲ್ಲ. ಗೋಡೆ ಹಿಡಿದಳು, ಹಲ್ಲು ಕಚ್ಚಿದಳು, ಮತ್ತೆ ಕುಳಿತಳು. ಮುಖದ ಮೇಲೆ ಬೆವರು ಬಂತು. “ಹಸಿವಽ ಇಲ್ಲ ತಗೋ,” ಎಂದಳು, ಯಾರೂ ಕೇಳದೆ ಇದ್ದರೂ.

ಸದಾಶಿವ ಒಂದು ಕಡೆ, ಪೂನಮ್ ಇನ್ನೊಂದು ಕಡೆ ಹಿಡಿದು ಎತ್ತಿದರು. ಅವ್ವ ಇಷ್ಟು ಹಗುರವಾಗಿದ್ದಾಳೆಂದು ಸದಾಶಿವ ಯಾವ ಲೆಕ್ಕದಲ್ಲೂ ಹಿಡಿದಿರಲಿಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಸೆರಗು ಸರಿಮಾಡಿ, ಅವನು ಪರಸಪ್ಪನ ಕಡೆ ನೋಡದೆ ಹೇಳಿದ:

“ಹಿಡಿಕಿ ಹಾಕು. ಚಿಲಕಾನೂ ಹಾಕು. ಎಲ್ಲಾ ಬಾಗಲಕ್ಕೂ.”

“ತೂತು ಬೀಳತಾವು ಸರ.”

“ಬೀಳಲಿ.”

ಪರಸಪ್ಪ ಚೀಲದಿಂದ ಡ್ರಿಲ್ ತೆಗೆದ. ಸದಾಶಿವ ಕಣ್ಣು ಬೇರೆ ಕಡೆಗೆ ತಿರುಗಿಸಿದ. ತಾನೊಂದು ದೊಡ್ಡ ತ್ಯಾಗ ಮಾಡುತ್ತಿದ್ದೇನೆ, ಮನೆಯವರಿಗೆ ಅದರ ಅರಿವು ಎಂದಾದರೂ ಆದೀತು ಎಂದುಕೊಂಡ.

“ಲೇ ಪರಸಪ್ಪಾ, ನಿಂದರು,” ಎಂದಳು ಕೃಷ್ಣವ್ವ ಕುರ್ಚಿಯಿಂದ. ಮುಖಕ್ಕೆ ಕಳೆ ಮರಳಿತ್ತು. “ಇಂಥಾ ಚಂದ ಬಾಗಲಕ್ಕ ಯಾಕ ತೂತು?”

“ನೀ ನಿಂತು ರೊಟ್ಟಿ ಬಡಿಯಾಕವ್ವಾ,” ಎಂದ ಸದಾಶಿವ.

“ನಾ ಯಾಕ ಬಡೀಲಿ? ಈಗಷ್ಟ ನೀನ ಬಡದು ತೋರಿಸಿದೆಲ್ಲಾ. ಒಂದ ಬಾಗಲಾನೂ ತೆರೀಲಿಲ್ಲ.”

“ಅದು... ಅದು ಪ್ರಯೋಗ!”

“ಮೂರ ಸಲ ಮಾಡಿದ್ರಿ,” ಎಂದಳು ಪೂನಮ್. “ಮೂರೂ ಸಲ ಅದಽ ಬಂತು. ಸಿದ್ಧ ಆತು ಅಂತ ನೀವಽ ಅಂದ್ರಿ. ಈ ಅಡಗಿಮನ್ಯಾಗ ರೊಟ್ಟಿ ಬಡಿಯಾಕ ಯೋಗ್ಯ ಕೈ ಒಂದಽ ಐತಿ ಅಂತ ವಿಜ್ಞಾನ ಹೇಳಾಕ ಹತ್ತೇತಿ. ನಾವೇನ ಮಾಡೂಣು?”

“ನಾ ಇಷ್ಟ ವರ್ಷ ಬಡದೇನಿ, ತಮ್ಮಾ,” ಎಂದಳು ಕೃಷ್ಣವ್ವ. “ಇನ್ನ ನೀ ಬಡಿ. ನಾ ಇಲ್ಲೇ ಕುಂತು ಹೇಳತೇನಿ.”

ಪರಸಪ್ಪ ಡ್ರಿಲ್ಲನ್ನು ಚೀಲಕ್ಕೆ ಮರಳಿಸಿ ಕೈ ಮುಗಿದ. “ಇನ್ನಮ್ಯಾಲೆ ನಾನೂ ಬಡಿಗ, ನೀವೂ ಬಡಿಗ ಸರ.”

ಹಾಗೆ ಸದಾಶಿವ ಕಟ್ಟೆಯ ಮುಂದೆ ನಿಂತ. ಆ ಕಟ್ಟೆ ಅವನ ಮೊಣಕೈಗಿಂತ ಒಂದು ಗೇಣು ಕೆಳಗಿತ್ತು. ಬೆನ್ನು ಬಾಗಿಸಿ ಬಡಿಯಬೇಕಾಯಿತು. “ಅಂಚು ಒತ್ತು,” “ತಿರಗಸು,” “ನೀರ ಹಚ್ಚೋ, ಹರೀತಲ್ಲೋ,” ಎಂದು ಕುರ್ಚಿಯಿಂದ ಅಪ್ಪಣೆಗಳು ಬರುತ್ತಿದ್ದವು. ಮೊದಲ ರೊಟ್ಟಿಯನ್ನು ಪರಸಪ್ಪ ಕೈಯಲ್ಲಿ ಹಿಡಿದು, ವೃತ್ತಿಪರ ಗಾಂಭೀರ್ಯದಿಂದ, “ಆರು ಎಂಎಂ,” ಎಂದ. ಆದರೂ ತಿಂದ. ಎರಡನೆಯದು ಸ್ವಲ್ಪ ತೆಳ್ಳಗಾಯಿತು. ಅದು ಶೇಂಗಾಚಟ್ನಿಯ ಜೊತೆ ಕೃಷ್ಣವ್ವನ ತಾಟಿಗೆ ಹೋಯಿತು.

ಸದಾಶಿವ ಬಡಿಯುವುದನ್ನು ನಿಲ್ಲಿಸಿ ಓರೆಗಣ್ಣಿನಿಂದ ನೋಡಿದ. ಅವ್ವ ಅರ್ಧ ತಿಂದಳು. ಬುಟ್ಟಿಯ ಕಡೆ ಕೈ ಹೋಗಲಿಲ್ಲ. ಉಳಿದರ್ಧವನ್ನೂ ತಿಂದಳು. ತಾಟನ್ನು ಬೆರಳಿನಿಂದ ಒರೆಸಿ, “ಉಪ್ಪ ಕಡಿಮಿ ಆಗೇತಿ. ಇನ್ನೊಂದ ಹಾಕು,” ಎಂದಳು.

ಅವನು ಇನ್ನೊಂದು ಹಾಕಿದ. ಪೂನಮ್‌ಳ ಡಬ್ಬಿಗೂ ಎರಡಾದವು. ಆಮೇಲೆ ಸೊಂಟ ಹಿಡಿದು ನೆಟ್ಟಗಾಗಿ, ಹಣೆಯ ಮೇಲಿನ ಹಿಟ್ಟು ಒರೆಸಿಕೊಂಡು, “ಮುಗೀತಲ್ಲ?” ಎಂದ.

“ಎಲ್ಲಾರದೂ ಆತು,” ಎಂದಳು ಪೂನಮ್. “ನಿಮ್ಮ ಪಾಲಿಂದು?”

“ನನಗ ಇವತ್ತ ಒಂದು ಸಾಕು.”

“ಹಂಗ ಹೇಳಿದ್ರ ನಡಿಯೂದಿಲ್ಲ. ಬೈಲಹೊಂಗಲಕ್ಕ ನನ್ನ ನೋಡಾಕ ಬಂದಾಗ, ‘ಒಂದ ಹೊತ್ತಿಗೆ ಎಷ್ಟ ರೊಟ್ಟಿ ಉಣ್ತೀರಿ ಮಾಸ್ತರ?’ ಅಂತ ನಮ್ಮಪ್ಪ ಕೇಳಿದ್ದ. ಬ್ಯಾರೆ ವರಗೋಳೆಲ್ಲಾ ನಾಚಿ ಒಂದು, ಎರಡು ಅಂದಿದ್ರು. ನೀವು ಮ್ಯಾಲಿನ ತೊಲಿ ನೋಡಿ ಲೆಕ್ಕಾ ಹಾಕಿದ್ರಿ. ನಾ ಬಾಗಲ ಹಿಂದ ನಿಂತು ಕೇಳೇನಿ. ಈ ಮನಷಾ ಸುಳ್ಳ ಹೇಳೂದಿಲ್ಲ ಅಂತ ಅವತ್ತಽ ಒಪ್ಪಿದ್ನಿ.”

“ಎಷ್ಟಂದಿದ್ದ?” ಎಂದಳು ಕೃಷ್ಣವ್ವ.

ಪೂನಮ್ ಹಿಟ್ಟಿನ ಪರಾತವನ್ನು ಮತ್ತೆ ಗಂಡನ ಮುಂದೆ ಸರಿಸಿದಳು.

“ನಾಕೂವರಿ.”