ಉಬ್ಬುತಗ್ಗು ಉಳಿಯದ ನನ್ನ ಮೂರು ಚಿತ್ರಗಳು

ನನಗೇ ಯಾಕೆ ಹೀಗಾಗುತ್ತದೋ ತಿಳಿಯದು, ಆದರೆ ಆಗುತ್ತಲೇ ಇರುತ್ತದೆ. ಬರೆದು ಅಭ್ಯಾಸವಿಲ್ಲ, ಅದಕ್ಕೇ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಕೊಲಾಜ್ ಎಂದರೆ ಕಾಗದ, ಬಟ್ಟೆ ಚೂರುಗಳನ್ನು ಹಲಗೆಗೆ ಅಂಟಿಸಿ ಮಾಡುವ ಚಿತ್ರ. ಟೆಕ್ಸ್ಚರ್ ಎಂದರೆ ಅದರ ಮೇಲೆ ಕೈಯಾಡಿಸಿದರೆ ಸಿಗುವ ಉಬ್ಬುತಗ್ಗು. ಪೇಟೆಯ ಆರ್.ಎಸ್. ಪುರಂ ಬಡಾವಣೆಯಲ್ಲಿ ಚಿತ್ರ ಕಲಿಸುವ ಮೇಷ್ಟ್ರು ನನ್ನ ಕೊಲಾಜ್ ನೋಡಿ, "ಏನಮ್ಮಾ, ದೋಸೆಕಲ್ಲಿನ ಹಾಗೆ ಚಪ್ಪಟೆ! ಟೆಕ್ಸ್ಚರ್ ಇಲ್ಲದ್ದನ್ನು ಪ್ರದರ್ಶನದಲ್ಲಿ ತೂಗುಹಾಕೋದಿಲ್ಲ" ಎಂದರು. ತೂಗುಹಾಕಿದರೆ ಕೆಳಗೆ ಹೆಸರಿನ ಚೀಟಿ ಇರುತ್ತದೆ. ನನಗೆ ಐವತ್ತೆರಡು ವರ್ಷ. ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರು ಎಲ್ಲೂ ಅಚ್ಚಾಗಿಲ್ಲ.

೧. ಕಬ್ಬಿಣದ ನವಿಲು

ನಮ್ಮ ಮನೆ ತುಡಿಯಲೂರಿನಲ್ಲಿ. ಪಕ್ಕದಲ್ಲೇ ಲೇತ್ ಪಟ್ಟರೆ, ಅಂದರೆ ಕಬ್ಬಿಣ ಕಡೆಯುವ ಶೆಡ್ಡು. ಅಲ್ಲಿ ಉದುರುವ ಸುರುಳಿ ಚೂರುಗಳನ್ನು ತಂದು ನವಿಲಿನ ಗರಿಗೆ ಅಂಟಿಸಿದೆ. ಉಬ್ಬು ಚೆನ್ನಾಗಿ ಬಂತು. ಒಣಗಲಿ ಎಂದು ಜಗಲಿಯಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ನವಿಲಿಲ್ಲ. ಅತ್ತೆ ಖರ್ಜೂರ ತಿನ್ನುತ್ತಾ ಕೂತಿದ್ದರು. ನಮ್ಮ ಕಡೆ ಹಳೇ ಕಬ್ಬಿಣ ಹಾಕಿದರೆ ಗುಜರಿಯವನು ಖರ್ಜೂರ ಕೊಡುತ್ತಾನೆ.

"ತುಕ್ಕು ಹಿಡೀತಿತ್ತು ಕಣಮ್ಮಾ. ಗುಜರಿಯವನು ಒಳ್ಳೇ ಮನುಷ್ಯ, ಹಲಗೆ ಸಮೇತ ತೂಕ ಹಾಕ್ಕೊಂಡ."

"ಅದು ನನ್ನ ನವಿಲು, ಅತ್ತೇ!"

"ಅಯ್ಯೋ, ನವಿಲಾ? ಸರಿ, ನಿನ್ನ ಪಾಲು ಎರಡು ತಗೋ."

ಅಳುತ್ತಲೇ ತಿಂದೆ. ಸುಳ್ಳು ಹೇಳಬಾರದು, ಖರ್ಜೂರ ನವಿಲಿಗಿಂತ ಚೆನ್ನಾಗಿತ್ತು.

೨. ಒಂದು ಮೂಟೆ ಚೂರು

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನನ್ನ ತಂಗಿ ಚೆಕಿಂಗ್ ಕೆಲಸದಲ್ಲಿದ್ದಾಳೆ. ಅವಳೇ ಒಂದು ಮೂಟೆ ಕತ್ತರಿಸಿದ ಚೂರು ಕೊಡಿಸಿದಳು. ಬನಿಯನ್ ಬಟ್ಟೆಯ ಅಂಚು ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ಟೆಕ್ಸ್ಚರ್ ಪುಕ್ಕಟೆ! ಆದರೆ ನಮ್ಮೂರುಗಳಲ್ಲಿ ಆ ಚೂರು ಎಂದರೆ ಒರೆಸುವ ಬಟ್ಟೆ ಎಂಬುದನ್ನು ನಾನು ಮರೆತಿದ್ದೆ.

ಬಸ್ಸಿನಲ್ಲಿ ಡ್ರೈವರ್, "ಅಕ್ಕಾ, ಗ್ಲಾಸಿಗೆ ಒಂದು ಹಿಡಿ" ಎಂದ. ಕಂಡಕ್ಟರ್ ಸೀಟಿಗೆ ಒಂದು ಹಿಡಿ ತಗೊಂಡ. ಪಕ್ಕದಲ್ಲಿದ್ದ ಮೆಕ್ಯಾನಿಕ್ ಕೇಳಲೂ ಇಲ್ಲ, ಕೈಹಾಕಿದ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಳಿದಾಗ ಮೂಟೆ ಕೈಚೀಲದಷ್ಟಾಗಿತ್ತು. ಕೊಟ್ಟು ಉಳಿದದ್ದರಲ್ಲಿ ಮಾಡಿದ ಹೂದಾನಿಯನ್ನು ಮರುದಿನ ಅತ್ತೆ ಕಿತ್ತು ಗ್ಯಾಸ್ ಒಲೆ ಒರೆಸಿದರು. ಒಲೆ ಹಾಗೆ ಎಂದೂ ಹೊಳೆದಿರಲಿಲ್ಲ.

೩. ಅಪ್ಪನ ಮಗ್ಗ

ಇನ್ನು ಆಸೆ ಬಿಟ್ಟೆ. ಆದರೂ, ಯಾಕೋ, ಇನ್ನೊಂದು ಮಾಡಿದೆ. ಅಪ್ಪ ನೇಯುತ್ತಿದ್ದ ಮಗ್ಗ. ತಂಗಿ ಮತ್ತೆ ಕಳಿಸಿದ ಚೂರುಗಳ ಸುರುಳಿ, ಗಂಟು, ಕೆಳಗೆ ಮಳೆಯ ಹಾಗೆ ನೇತಾಡುವ ನೂರಾರು ನೂಲು. ಮೇಷ್ಟ್ರು ಕಣ್ಣು ಮುಚ್ಚಿ ಕೈಯಾಡಿಸಿದರು. "ಇದು ಗೋಡೆಗೆ" ಎಂದರು. ಕೆಳಗೆ ನನ್ನ ಹೆಸರಿನ ಚೀಟಿ ಅಂಟಿಸಿದರು. ನನಗೆ ಮತ್ತೆ ಅಳು ಬಂತು. ಈ ಸಲ ಬೇರೆ ಥರ.

ಪ್ರದರ್ಶನದ ದಿನ ತಂಗಿ ಎಲ್ಲರಿಗಿಂತ ಮೊದಲೇ ಬಂದಳು. ಇಪ್ಪತ್ತು ವರ್ಷ ಬನಿಯನ್ನುಗಳಲ್ಲಿ ನೇತಾಡುವ ನೂಲು ಕತ್ತರಿಸಿದ ಕೈ ಅವಳದು. ಒಂದು ನೂಲು ಬಿಟ್ಟರೂ ಡ್ಯಾಮೇಜು ಎಂದು ಮಾಲು ಕೊಳ್ಳುವ ವಿದೇಶದ ಬಯ್ಯರ್ ಇಡೀ ಲಾಟ್ ವಾಪಸ್ ಮಾಡುತ್ತಾನೆ. ಅವಳ ಕೈಚೀಲದಲ್ಲಿ ಪುಟ್ಟ ಕತ್ತರಿ ಯಾವಾಗಲೂ ಇರುತ್ತದೆ. ಇದೆಲ್ಲ ಗೊತ್ತಿದ್ದೂ ಅವಳೊಬ್ಬಳನ್ನೇ ಬಿಟ್ಟು ನಾನು ಮುಖ್ಯ ಅತಿಥಿಗೆ ಕಾಫಿ ತರಲು ಹೋದೆ.

ಬಂದಾಗ ನೆಲದ ಮೇಲೆ ನೂಲಿನ ಗುಡ್ಡೆ. ಸುರುಳಿಯಿಲ್ಲ, ಗಂಟಿಲ್ಲ. ಹಲಗೆ ಸ್ಲೇಟಿನಂತಿತ್ತು.

"ಏನೇ ಮಾಡಿದೆ?"

"ಅಡೇಯಪ್ಪಾ, ಎಷ್ಟು ಡ್ಯಾಮೇಜು ಅಕ್ಕಾ! ಕೆಳಗೆ ನಿನ್ನ ಹೆಸರು ಬೇರೆ ಹಾಕಿದಾರೆ. ರಿಜೆಕ್ಟ್ ಆದ್ರೆ ಮಾನ ಏನಾಗಬೇಕು?"

ಅಷ್ಟರಲ್ಲಿ ಮೇಷ್ಟ್ರು ಅತಿಥಿಯನ್ನು ಕರೆತಂದರು. "ಇದನ್ನು ಕೈಯಿಟ್ಟೇ ನೋಡಬೇಕು ಸಾರ್."

ಅತಿಥಿ ಮೇಲಿಂದ ಕೆಳಗೆ ಕೈಯಾಡಿಸಿದರು. ಮತ್ತೊಮ್ಮೆ ಆಡಿಸಿದರು. "ಟೆಕ್ಸ್ಚರ್ ಎಲ್ಲಿ?" ಎಂದರು.

ಮೇಷ್ಟ್ರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ತಂಗಿ ಕೈಮುಗಿದು ಮುಂದೆ ಬಂದಳು.

"ಒಂದೂ ಇಲ್ಲ ಸಾರ್. ಎಲ್ಲಾ ನಾನೇ ಚೆಕ್ ಮಾಡಿ ತೆಗೆದುಬಿಟ್ಟೆ. ಇನ್ನು ನಂಬಿ ಎಕ್ಸ್‌ಪೋರ್ಟ್ ಮಾಡಬಹುದು."